ದಡದಲ್ಲಿ ಮಂಡಿಯೂರಿದವರು

ಗೋಡೆಯ ಮೇಲೆ ಮಂಡಿಯೂರಿದವರನ್ನೆಲ್ಲ ಎಬ್ಬಿಸಿ ನಿಲ್ಲಿಸಬೇಕೆಂದು ಊರಿನ ಸಮಿತಿ ತೀರ್ಮಾನಿಸಿತು. ಅದನ್ನು ಹೇಳಲು ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸುವ ಟೀಚರ್ ತಾವೇ ಮೇಸ್ತ್ರಿಯ ಮನೆ ಹುಡುಕಿಕೊಂಡು ಬಂದಿದ್ದರು. ಯಾರ ಕೈಯಲ್ಲಾದರೂ ಹೇಳಿ ಕಳಿಸಿ ಕೈ ತೊಳೆದುಕೊಳ್ಳಬಹುದಿತ್ತು, ಹಾಗೆ ಮಾಡಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು, ಕೊಟ್ಟ ನೀರನ್ನು ಪೂರ್ತಿ ಕುಡಿದು, ಆಮೇಲೆ ಮೆಲ್ಲಗೆ ವಿಷಯಕ್ಕೆ ಕೈಹಾಕಿದರು.

ವಿಷಯ ಇಷ್ಟೆ. ಬಂದರಿನ ಹಳೆಯ ಕಚೇರಿಯ ದೊಡ್ಡ ಹಜಾರವನ್ನು ಊರಿನವರ ಸಭೆಗೆ ಬಿಟ್ಟುಕೊಟ್ಟಿದ್ದಾರೆ. ಬರುವ ಸೋಮವಾರ ಬಾಗಿಲು ತೆರೆಯುತ್ತದೆ. ಆ ಹಜಾರದ ಉದ್ದದ ಗೋಡೆಯ ತುಂಬ ಮೇಸ್ತ್ರಿ ಹರೆಯದಲ್ಲಿ ಬರೆದ ಚಿತ್ರವಿದೆ. ಯುರೋಪಿನಿಂದ ಹಡಗು ಹತ್ತಿ ಬಂದ ಕಪ್ತಾನನೊಬ್ಬ ದೋಣಿಯಿಂದ ಇಳಿದು ದಡಕ್ಕೆ ಮೊದಲ ಹೆಜ್ಜೆ ಇಡುತ್ತಿದ್ದಾನೆ, ಅವನೆದುರು ಊರಿಗೆ ಊರೇ ಮಂಡಿಯೂರಿದೆ. ಕಪ್ತಾನ ಇರಲಿ ಎಂದು ಸಮಿತಿ ಒಪ್ಪಿದೆ. ಬಂದದ್ದಂತೂ ನಿಜ, ಬರಲೇ ಇಲ್ಲ ಎನ್ನುವುದಕ್ಕೆ ಆಗುವುದಿಲ್ಲ. ಆದರೆ ಊರಿನವರು ಅವನನ್ನು ನಿಂತು ನೋಡಲಿ.

"ಮಕ್ಕಳನ್ನ ಅಲ್ಲಿಗೆ ಕರ್ಕೊಂಡು ಹೋದಾಗೆಲ್ಲ ಒಂದೇ ಪ್ರಶ್ನೆ ಕೇಳ್ತಾರೆ. ನಮ್ಮೋರು ಯಾಕೆ ಮಂಡಿಯೂರಿದ್ದಾರೆ ಅಂತ," ಎಂದರು ಟೀಚರ್. "ನನ್ನ ಹತ್ರ ಉತ್ತರ ಇಲ್ಲ ಮೇಸ್ತ್ರಿಗಳೇ."

ಉತ್ತರ ಮೇಸ್ತ್ರಿಯ ಹತ್ತಿರವಿತ್ತು. ಅವನು ತನ್ನ ಕಾಲಿನ ಹೆಬ್ಬೆರಳನ್ನೇ ನೋಡುತ್ತ ಕೂತ.

ಅವನಿಗೆ ವಯಸ್ಸಾಗಿದೆ, ಕೈ ನಡುಗುತ್ತದೆ ಎನ್ನುವುದು ಸಮಿತಿಗೂ ಗೊತ್ತಿತ್ತು. ಅವನು ಆಗುವುದಿಲ್ಲವೆಂದರೆ ಬೇರೆ ಊರಿನ ಒಬ್ಬ ಹುಡುಗನನ್ನು ಗೊತ್ತು ಮಾಡಿದ್ದರು. ಅವನೂ ಬರದಿದ್ದರೆ ಇಡೀ ಗೋಡೆಗೆ ಸುಣ್ಣ. ಟೀಚರ್ ಇದನ್ನು ಹೆದರಿಸುವ ದನಿಯಲ್ಲಿ ಹೇಳಲಿಲ್ಲ, ಹೇಳಲೇಬೇಕಲ್ಲ ಎಂಬ ಸಂಕಟದಲ್ಲಿ ಹೇಳಿದರು. ಅದಕ್ಕೇ ಮೇಸ್ತ್ರಿಗೆ ಅವರ ಮೇಲೆ ಸಿಟ್ಟು ಮಾಡಿಕೊಳ್ಳುವುದಕ್ಕೂ ಆಗಲಿಲ್ಲ.

"ಬೇರೆಯವರು ಮುಟ್ಟೋದು ಬೇಡ. ನಾನೇ ಎಬ್ಬಿಸ್ತೀನಿ," ಎಂದ.

ಅಡುಗೆಮನೆಯಲ್ಲಿ ಪಾತ್ರೆ ಉಜ್ಜುವ ಸದ್ದು ನಿಂತಿತು. ಹೆಂಡತಿ ಹೊರಗೆ ಬಂದು ಖಾಲಿ ಲೋಟ ಎತ್ತಿಕೊಂಡು, ಗಂಡನ ಮುಖ ನೋಡದೆ ಒಳಗೆ ಹೋದಳು.

ಊರಿನಲ್ಲಿ ಅವನಿಗೆ ಮಂಡಿ ಮೇಸ್ತ್ರಿ ಎಂದೇ ಹೆಸರು. ಅಂಗಡಿಗಳ ಬೋರ್ಡು ಬರೆದದ್ದು, ಶಾಲೆಯ ಗೋಡೆಗಳ ಮೇಲೆ ಹಣ್ಣು ಪ್ರಾಣಿ ಬರೆದದ್ದು, ಹಡಗುಗಳ ಮೂತಿಗೆ ಕಣ್ಣು ಬರೆದದ್ದು ಯಾರಿಗೂ ನೆನಪಿಲ್ಲ, ಈ ಮಂಡಿ ಮಾತ್ರ ಅಂಟಿಕೊಂಡಿತು. ಕ್ಷೌರದಂಗಡಿಗೆ ಹೋದರೆ, ಮೇಸ್ತ್ರಿ ಬಂದ, ಎಲ್ಲರೂ ಕುರ್ಚಿ ಗಟ್ಟಿಯಾಗಿ ಹಿಡಿದುಕೊಳ್ಳಿ, ಇಲ್ಲದಿದ್ದರೆ ನೆಲಕ್ಕೆ ಕೂರಿಸಿಬಿಡುತ್ತಾನೆ ಎಂದು ನಗುತ್ತಿದ್ದರು. ಅವನೂ ನಗುತ್ತಿದ್ದ. ನಗದೆ ಇದ್ದರೆ ಯಾಕೆ ಅಂತ ಕೇಳುತ್ತಾರೆ, ಕೇಳಿದರೆ ಹೇಳಬೇಕಾಗುತ್ತದೆ. ಅಷ್ಟು ವರ್ಷ ನಕ್ಕು ನಕ್ಕು ಅವನ ಮುಖಕ್ಕೆ ಅದೊಂದು ಮಡಿಕೆಯೇ ಬಿದ್ದಿತ್ತು.

ಚಿತ್ರ ಬರೆಸಿದವರು ಆಗಿನ ಬಂದರಿನ ಸಾಹೇಬರು. ಹೀಗೆ ಬರಬೇಕೆಂದು ಅವನ ಕೈಗೆ ದಪ್ಪನೆಯ ಪುಸ್ತಕವೊಂದನ್ನು ಕೊಟ್ಟಿದ್ದರು. ಅದರ ತುಂಬ ಇಂಥವೇ ಚಿತ್ರಗಳು: ಬೇರೆ ಬೇರೆ ನಾಡು, ಬೇರೆ ಬೇರೆ ಕಡಲು, ಆದರೆ ದಡಕ್ಕೆ ಇಳಿಯುವ ಕಪ್ತಾನ ಮಾತ್ರ ಎಲ್ಲ ಕಡೆ ಒಂದೇ ಅಚ್ಚಿನವನು. ಎಲ್ಲರದ್ದೂ ಬಲಗಾಲು ಮುಂದೆ, ಒಂದು ಕೈಯಲ್ಲಿ ಬಾವುಟ, ಇನ್ನೊಂದು ಕೈ ಆಕಾಶದ ಕಡೆಗೆ, ತಮ್ಮ ಊರಲ್ಲೇ ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿಕೊಂಡು ಬಂದವರ ಹಾಗೆ. ತಿಂಗಳುಗಟ್ಟಲೆ ಉಪ್ಪುಗಾಳಿಯಲ್ಲಿ ನೆಂದು ಕೊಳೆತು ಬಂದವನ ಕಾಲರು ಆಗ ತಾನೇ ಇಸ್ತ್ರಿ ಮಾಡಿದಂತೆ ಗರಿಗರಿ. ಹಲ್ಲು ಉದುರಿದವನಿಲ್ಲ, ವಾಂತಿ ಮಾಡುವವನಿಲ್ಲ, ಕಾಲು ಜಾರಿ ನೀರಿಗೆ ಬಿದ್ದವನಂತೂ ಇಲ್ಲವೇ ಇಲ್ಲ. ಬರೆದವರು ಯಾರೂ ಆ ದಡ ಕಂಡವರಲ್ಲ ಎನ್ನುವುದು ಮೇಸ್ತ್ರಿಗೆ ಮೊದಲ ನೋಟಕ್ಕೇ ಗೊತ್ತಾಗಿತ್ತು. ಊರಿನವರು ಚಿತ್ರದ ಒಂದು ಮೂಲೆಯಲ್ಲಿ, ಮರಗಳ ಕೆಳಗೆ, ಒಬ್ಬರ ಹಿಂದೊಬ್ಬರು ನಿಂತಿರುತ್ತಿದ್ದರು. ಅವರಿಗೆಲ್ಲ ಮುಖವೆಂದರೆ ಎರಡು ಚುಕ್ಕೆ, ಒಂದು ಗೆರೆ.

ಮೇಸ್ತ್ರಿಗೆ ಅದು ಸರಿಬರಲಿಲ್ಲ. ಕಪ್ತಾನನನ್ನು ಪುಸ್ತಕ ನೋಡಿ ಬರೆಯುವೆ, ದಡದವರನ್ನು ಕಣ್ಣಾರೆ ನೋಡಿಯೇ ಬರೆಯುವೆ ಎಂದು ತನ್ನ ಬೀದಿಯವರನ್ನೇ ಒಬ್ಬೊಬ್ಬರಾಗಿ ಮಧ್ಯಾಹ್ನ ಹಜಾರಕ್ಕೆ ಕರೆದ. ಕ್ಷೌರಿಕ, ಅಂಚೆಯವನು, ಇಸ್ತ್ರಿ ಅಂಗಡಿಯವಳು, ದೋಣಿ ದಾಟಿಸುವ ಮುದುಕ, ಎಲ್ಲರೂ ಬಂದು ನಿಂತು ಹೋದರು. ಕೊನೆಗೆ ಮಗಳನ್ನು ಕರೆದುಕೊಂಡು ಬಂದ.

ಅವಳು ಅವನ ಒಬ್ಬಳೇ ಮಗಳು. ಎಳೆಯ ವಯಸ್ಸಿನಲ್ಲಿ ಬಂದ ಜ್ವರವೊಂದು ಅವಳ ಎರಡೂ ಕಾಲಿನ ಶಕ್ತಿಯನ್ನು ಹೀರಿಕೊಂಡು ಹೋಗಿತ್ತು. ಕಾಲು ಮಡಿಸಿ ಮಂಡಿಯ ಮೇಲೆ ಕೂರುವುದೊಂದೇ ಅವಳಿಗೆ ಆಗುತ್ತಿದ್ದದ್ದು. ಹಾಗಂತ ಒಂದು ಕಡೆ ಇರುವವಳಲ್ಲ. ಕೂತಲ್ಲೇ ಎರಡೂ ಅಂಗೈ ನೆಲಕ್ಕೆ ಊರಿ, ಗಿರ್ರನೆ ತಿರುಗಿ, ಈ ಕೋಣೆಯಿಂದ ಆ ಕೋಣೆಗೆ ಬೆಕ್ಕಿಗಿಂತ ಮುಂಚೆ ತಲುಪುತ್ತಿದ್ದಳು. ಅದಕ್ಕೇ ಮನೆಯಲ್ಲಿ ಅವಳನ್ನು ಬುಗುರಿ ಎಂದು ಕರೆಯುತ್ತಿದ್ದರು. ಬಾಯಿಯೂ ಹಾಗೆಯೇ, ಒಂದು ಮಾತಿಗೆ ಹತ್ತು ಮಾತು. ಆದರೆ ಒಂದು ಸಲ ಫೋಟೋ ತೆಗೆಸಲು ಸ್ಟುಡಿಯೋಗೆ ಹೋದಾಗ ಅಲ್ಲಿಯವನು ಗಮನಿಸದೆ, ಎದ್ದು ನಿಲ್ಲಮ್ಮ ಪುಟ್ಟಿ ಎಂದುಬಿಟ್ಟ. ಅವಳು ಅಲ್ಲಿಂದ ಬಾಯಿ ಮುಚ್ಚಿಕೊಂಡವಳು ಮನೆ ಮುಟ್ಟುವವರೆಗೆ ತೆರೆಯಲಿಲ್ಲ. ಆಮೇಲೆ ಎಷ್ಟು ಪುಸಲಾಯಿಸಿದರೂ ಕ್ಯಾಮೆರಾ ಇರುವ ಕಡೆ ಬರಲಿಲ್ಲ.

ಅಪ್ಪನ ಚಿತ್ರಕ್ಕೆ ಮಾತ್ರ ಬಂದಳು. ಜನರ ಗುಂಪಿನ ತೀರಾ ಮುಂದೆ, ನೀರಿಗೆ ಹತ್ತಿರದಲ್ಲಿ ಅವಳ ಜಾಗ. ಉಳಿದವರೆಲ್ಲ ಕಪ್ತಾನನ ಕಡೆ ನೋಡುತ್ತಿದ್ದರೆ ಇವಳು ಬರೆಯುತ್ತಿದ್ದ ಅಪ್ಪನನ್ನೇ ನೋಡಿದಳು, ಅವನೂ ಹಾಗೆಯೇ ಬರೆದ. ಇದ್ದಿಲಿನ ಗೆರೆಗಳೆಲ್ಲ ಮುಗಿದ ಮೇಲೆ ಅವಳನ್ನು ಎತ್ತಿಕೊಂಡು ಗೋಡೆಯ ಉದ್ದಕ್ಕೂ ತೋರಿಸಿಕೊಂಡು ಬಂದ.

"ಅಪ್ಪಾ, ಎಲ್ಲರೂ ನಿಂತಿದ್ದಾರೆ," ಎಂದಳು. "ನೋಡೋರೆಲ್ಲ ಕೇಳ್ತಾರೆ, ಈ ಹುಡುಗಿ ಮಾತ್ರ ಯಾಕೆ ಏಳ್ತಿಲ್ಲ ಅಂತ."

ಅವಳನ್ನೂ ನಿಲ್ಲಿಸಿಯೇ ಬರೆಯುತ್ತೇನೆ, ಅದೇನು ದೊಡ್ಡ ಮಾತು ಎಂದ ಅವನು. ಅವಳು ತಲೆ ಅಲ್ಲಾಡಿಸಿದಳು. ನಿಂತಿರುವವಳು ಯಾರೋ ಬೇರೆ ಹುಡುಗಿ, ಅದು ನಾನಲ್ಲ ಎಂದಳು. ಸ್ವಲ್ಪ ಹೊತ್ತು ಅಪ್ಪನ ಕಾಲರಿನ ಗುಂಡಿ ತಿರುಗಿಸುತ್ತ ಇದ್ದು, ಅವಳೇ ಉಪಾಯ ಹೇಳಿದಳು.

"ಎಲ್ಲರನ್ನೂ ಕೂರಿಸಿಬಿಡು. ಆಗ ಯಾರಿಗೂ ಗೊತ್ತಾಗಲ್ಲ. ನೀನೂ ಯಾರಿಗೂ ಹೇಳಬಾರದು. ಅಮ್ಮಂಗೂ."

ಅವನು ಅಲ್ಲೇ ಅವಳನ್ನು ಹಲಗೆಯ ಮೇಲೆ ಕೂರಿಸಿ, ಬಟ್ಟೆ ತೆಗೆದುಕೊಂಡು ಇಡೀ ಬೀದಿಯವರ ಕಾಲುಗಳನ್ನು ಅಳಿಸಿಹಾಕಿದ. ಸಾಯಂಕಾಲದ ಹೊತ್ತಿಗೆ ಕ್ಷೌರಿಕನೂ ಅಂಚೆಯವನೂ ದೋಣಿಯ ಮುದುಕನೂ ಬುಗುರಿಯ ಹಾಗೆಯೇ ಮಂಡಿಯ ಮೇಲೆ ಕೂತಿದ್ದರು. ಅವಳು ಅದನ್ನು ನೋಡಿ ಕೇಕೆ ಹಾಕಿ ನಕ್ಕಳು.

ಕಣ್ಣಿಗೆ ಕಾಣುತ್ತಿದ್ದದ್ದು ಅಷ್ಟೇ: ಒಬ್ಬಂಟಿಯಾಗಿದ್ದ ಮಗಳಿಗೆ ಒಂದು ಬೀದಿಯಷ್ಟು ಜೊತೆ ಸಿಕ್ಕಿತ್ತು. ಎಲ್ಲರೂ ಯಾರ ಎದುರಿಗೆ ಕೂತಿದ್ದಾರೆ ಎನ್ನುವುದು ಆ ಅಪ್ಪನ ತಲೆಗೆ ಹೊಳೆಯಲೇ ಇಲ್ಲ. ಕಪ್ತಾನನಿಗೆ ಬಣ್ಣ ಬಿದ್ದದ್ದು ಎಲ್ಲಕ್ಕಿಂತ ಕೊನೆಗೆ. ಕೆಂಪು ಕೋಟು ಒಣಗಿದ ದಿನ ಮೇಸ್ತ್ರಿ ಹಿಂದೆ ಸರಿದು ನೋಡಿದ. ಊರಿಗೆ ಊರೇ ಅವನ ಕಾಲಿಗೆ ಬಿದ್ದ ಹಾಗಿತ್ತು. ಅಷ್ಟರಲ್ಲಿ ಸಾಹೇಬರು ಬಂದು ಬೆನ್ನು ತಟ್ಟಿ, ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟೆಯಪ್ಪ ಎಂದು ಹೊಗಳಿ, ಒಂದು ಕೈಗಡಿಯಾರ ಕೊಟ್ಟರು. ಅದನ್ನು ಅವನು ಒಂದು ದಿನವೂ ಕಟ್ಟಲಿಲ್ಲ.

ಚಿತ್ರ ಮುಗಿದು ಹಜಾರ ತೆರೆದ ದಿನ ಹೆಂಡತಿ ಬುಗುರಿಯನ್ನು ಸೊಂಟದ ಮೇಲೆ ಎತ್ತಿಕೊಂಡು ಬಂದಿದ್ದಳು. ಬಾಗಿಲಲ್ಲೇ ನಿಂತು ನೋಡಿದಳು, ಬಂದ ಕಾಲಿನಲ್ಲೇ ತಿರುಗಿ ಹೋದಳು. ಮನೆಯಲ್ಲಿ ಒಂದೇ ಒಂದು ಮಾತು ಆಡಿದಳು.

"ನಿಲ್ಲೋಕೆ ಬರದಿರೋ ಮಗೂನ ಅವನ ಕಾಲ ಹತ್ರ ಕೂರಿಸಿದ್ರಲ್ಲ."

ಮೇಸ್ತ್ರಿ ಬಾಯಿ ತೆರೆದ. ಮೂಲೆಯಲ್ಲಿ ಕೂತಿದ್ದ ಬುಗುರಿ ಕಣ್ಣರಳಿಸಿ, ತುಟಿಯ ಮೇಲೆ ಬೆರಳಿಟ್ಟು ಅವನನ್ನೇ ನೋಡುತ್ತಿದ್ದಳು. ಅವನು ತೆರೆದ ಬಾಯಿ ಮುಚ್ಚಿಕೊಂಡ. ಮಾರನೆಯ ವರ್ಷದ ಚಳಿಯಲ್ಲಿ ಅವಳಿಗೆ ಮತ್ತೆ ಜ್ವರ ಬಂತು, ಈ ಸಲ ಅವಳನ್ನು ಪೂರ್ತಿಯಾಗಿಯೇ ಕರೆದುಕೊಂಡು ಹೋಯಿತು. ಬೆರಳು ಮಾತ್ರ ಅವನ ಕಣ್ಣಲ್ಲಿ ಹಾಗೆಯೇ ಉಳಿಯಿತು.

ಹೆಂಡತಿ ಆಮೇಲೆ ಆ ಹಜಾರದ ಕಡೆಗೆ ತಲೆ ಹಾಕಲಿಲ್ಲ. ಗಂಡನ ಊಟ ತಿಂಡಿ ಬಟ್ಟೆಬರೆಗೆ ಯಾವ ಕೊರತೆಯನ್ನೂ ಮಾಡಲಿಲ್ಲ, ಹುಷಾರಿಲ್ಲದಾಗ ಹಣೆಗೆ ಕೈಯಿಟ್ಟು ನೋಡಿದಳು, ಆದರೆ ಆ ಒಂದು ಮಾತನ್ನು ವಾಪಸು ತೆಗೆದುಕೊಳ್ಳಲಿಲ್ಲ. ಮೇಸ್ತ್ರಿ ಮಾತ್ರ ಗೋಡೆ ಬಿರುಕು ಬಿಟ್ಟಿದೆಯೇ ನೋಡಬೇಕು ಎಂಬ ನೆಪ ಹೇಳಿ ಆಗಾಗ ಅಲ್ಲಿಗೆ ಹೋಗುತ್ತಿದ್ದ. ಬಿರುಕಿನ ಕಡೆ ಯಾರು ನೋಡುತ್ತಾರೆ? ಅರಳೆಗೆ ಒಂದು ಹನಿ ಎಣ್ಣೆ ಹಾಕಿಕೊಂಡು ಮಗಳ ಮುಖದ ಧೂಳು ಒರೆಸಿ ಬರುತ್ತಿದ್ದ. ಲೋಕದಲ್ಲಿ ಅವಳ ಮುಖ ಉಳಿದಿದ್ದದ್ದು ಅಲ್ಲೊಂದೇ ಕಡೆ.

ಈಗ ಅದಕ್ಕೇ ಕುತ್ತು ಬಂದಿತ್ತು. ಕೂತವರನ್ನು ಎಬ್ಬಿಸುವುದೆಂದರೆ ಬರೀ ಕಾಲು ಬರೆದರೆ ಮುಗಿಯುವುದಿಲ್ಲ. ತಲೆ ಮೇಲಕ್ಕೆ ಹೋಗಬೇಕು. ಹೋಗಬೇಕೆಂದರೆ ಈಗಿರುವ ತಲೆಯನ್ನು ಕೆರೆದು ತೆಗೆದು, ಮೇಲೆ ಹೊಸದಾಗಿ ಬರೆಯಬೇಕು. ನಿಜ ಹೇಳಿದರೆ ಟೀಚರ್ ಒಪ್ಪಿಯಾರು, ಆ ಒಂದು ಮಗುವನ್ನು ಬಿಟ್ಟಾರು. ಆದರೆ ಹೇಳಿದ ಗಳಿಗೆಯಿಂದ ಅವಳು ಊರಿನ ಬಾಯಲ್ಲಿ ಕಾಲಿಲ್ಲದ ಹುಡುಗಿ. ನಾಳೆ ಪ್ರತಿ ಮಗುವಿಗೂ ಬೆರಳು ಮಾಡಿ ತೋರಿಸುತ್ತಾರೆ, ನೋಡಿ, ಇವಳಿಗೆ ನಿಲ್ಲಲು ಬರುತ್ತಿರಲಿಲ್ಲ ಎಂದು. ಅವಳು ಯಾವುದಕ್ಕೆ ಹೆದರಿದ್ದಳೋ ಅದನ್ನೇ ಅಪ್ಪ ಮಾಡಿದಂತಾಗುತ್ತದೆ.

ಆದರೂ ಒಂದು ದಿನ ಮನಸ್ಸು ತಡೆಯದೆ ಶಾಲೆಯವರೆಗೆ ಹೋದ. ತರಗತಿಯ ಕಿಟಕಿಯ ಹತ್ತಿರ ಕಾದ. ಟೀಚರ್ ಅವನನ್ನು ಕಂಡು ಪಾಠ ನಿಲ್ಲಿಸಿ ಹೊರಗೆ ಬಂದರು, ಏನಾದರೂ ತೊಂದರೆಯೇ ಎಂದು ಕೇಳಿದರು. ಮಾತು ನಾಲಿಗೆಯ ತುದಿಗೆ ಬಂದಿತ್ತು. ತೊಂದರೆ ಏನಿಲ್ಲ, ಕಪ್ತಾನನ ಬೂಟಿಗೆ ಪಾಲಿಶ್ ಸಾಲದು ಅನ್ನಿಸಿತು, ಅದನ್ನೂ ಸರಿ ಮಾಡಲೇ ಎಂದು ಕೇಳಲು ಬಂದೆ ಎಂದುಬಿಟ್ಟ. ಟೀಚರ್ ನಕ್ಕರು. ದಾರಿಯುದ್ದಕ್ಕೂ ತನ್ನನ್ನು ತಾನೇ ಬೈದುಕೊಳ್ಳುತ್ತ ಹಜಾರಕ್ಕೆ ಬಂದು ಕೆಲಸಕ್ಕೆ ನಿಂತ.

ಒಬ್ಬನೇ ಮಾಡುತ್ತೇನೆ, ಮುಗಿಯುವವರೆಗೆ ಯಾರೂ ಬರಬೇಡಿ ಎಂದು ಮೊದಲೇ ಹೇಳಿದ್ದ. ಎರಡು ಮೇಜಿನ ಮೇಲೆ ಹಲಗೆ ಹಾಕಿಕೊಂಡು, ಗುಂಪಿನ ಹಿಂದಿನ ಸಾಲಿನಿಂದ ಶುರು ಮಾಡಿದ. ಹಳೆಯ ಎಣ್ಣೆಬಣ್ಣ ಸುಲಭಕ್ಕೆ ಬಿಡುವುದಿಲ್ಲ. ಟರ್ಪೆಂಟೈನ್ ಹಚ್ಚಿ, ಅದು ಮೆತ್ತಗಾಗುವವರೆಗೆ ಕಾದು, ಚಪ್ಪಟೆ ಅಲಗಿನಿಂದ ಹೊಪ್ಪಳೆ ಹೊಪ್ಪಳೆಯಾಗಿ ಎಬ್ಬಿಸಬೇಕು. ಕ್ಷೌರಿಕನ ಮೂಗು, ಅಂಚೆಯವನ ಮೀಸೆ, ಎಲ್ಲ ಕೆಳಗೆ ಹಾಸಿದ್ದ ಕಾಗದದ ಮೇಲೆ ಪುಡಿಯಾಗಿ ಬಿತ್ತು. ಅವರಲ್ಲಿ ಈಗ ಒಬ್ಬರೂ ಬದುಕಿಲ್ಲ. ಮೇಸ್ತ್ರಿ ಪ್ರತಿಯೊಬ್ಬರನ್ನೂ ಕೆರೆಯುವ ಮೊದಲು, ಸ್ವಲ್ಪ ಏಳಪ್ಪ, ಸ್ವಲ್ಪ ಏಳಮ್ಮ ಎಂದು ಮೆಲ್ಲಗೆ ಹೇಳಿಕೊಂಡ. ಒಂದು ರೀತಿಯಲ್ಲಿ ಸಮಾಧಾನವೂ ಆಗುತ್ತಿತ್ತು. ಮಗಳ ಸಲುವಾಗಿ ಪಾಪ ಎಷ್ಟು ವರ್ಷದಿಂದ ಮಂಡಿ ನೋಯಿಸಿಕೊಂಡು ಕೂತಿದ್ದರು, ಊರಿನವರ ಬಾಯಿಗೆ ಬಿದ್ದಿದ್ದರು. ಅವರು ಏಳಬೇಕಾದ್ದೇ.

ಎದ್ದರು. ಆದರೆ ಎದ್ದವರು ಅವರಾಗಿರಲಿಲ್ಲ. ಎಡಗೈಯಿಂದ ಬಲಗೈ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡು ಬರೆದರೂ ಕುಂಚ ನಡುಗುತ್ತಿತ್ತು. ಮೈ, ಬಟ್ಟೆ, ಕಾಲು ಹೇಗೋ ಬಂದವು. ಮುಖಕ್ಕೆ ಬಂದಾಗ ಕಣ್ಣು ಒಂದು ಕಡೆ, ತುಟಿ ಒಂದು ಕಡೆ. ಪುಸ್ತಕದಲ್ಲಿದ್ದ ದಡದವರ ಹಾಗೆಯೇ ಎರಡು ಚುಕ್ಕೆ, ಒಂದು ಗೆರೆಗೆ ಬಂದು ನಿಂತಿತ್ತು ಅವನ ಕೆಲಸ. ದೂರದಿಂದ ನೋಡುವವರಿಗೆ ಏನೂ ಅನ್ನಿಸಲಾರದು. ಅವನು ಹತ್ತಿರದಿಂದ ನೋಡುವುದನ್ನೇ ಬಿಟ್ಟ.

ಮನೆಯಲ್ಲಿ ಒಂದು ಹಲಗೆಗೆ ಬಿಳಿ ಬಳಿದು ಬುಗುರಿಯ ಮುಖವನ್ನು ನೆನಪಿನಿಂದ ಬರೆದು ನೋಡಿದ. ಹುಬ್ಬು ಗೊತ್ತು, ಮುಂದಿನ ಹಲ್ಲಿನ ಸಂದು ಗೊತ್ತು, ಎಡಗೆನ್ನೆಯ ಮೇಲಿನ ಸುಟ್ಟ ಗುರುತು ಗೊತ್ತು. ಎಲ್ಲವನ್ನೂ ಜಾಗಜಾಗಕ್ಕೆ ಇಟ್ಟ, ಅವಳು ಮಾತ್ರ ಬರಲಿಲ್ಲ. ಒರೆಸಿ ಮತ್ತೆ ಬರೆದ. ಮತ್ತೆ ಒರೆಸಿದ. ಬಾಗಿಲ ಬಳಿ ಹೆಂಡತಿ ನಿಂತಿದ್ದದ್ದು ಅವನಿಗೆ ತಡವಾಗಿ ಗೊತ್ತಾಯಿತು. ಹಲಗೆಯ ಮೇಲಿನ ಮುಖವನ್ನು ಒಮ್ಮೆ ನೋಡಿ ಅವಳು ಒಳಗೆ ಹೋದಳು. ಯಾರ ಮುಖ ಎಂದು ಅವಳಿಗೂ ಗುರುತು ಸಿಕ್ಕಿರಲಿಕ್ಕಿಲ್ಲ.

ಭಾನುವಾರದ ಹೊತ್ತಿಗೆ ಗೋಡೆಯ ಮೇಲೆ ಎಲ್ಲರೂ ಎದ್ದು ನಿಂತಿದ್ದರು. ನಡುವೆ, ತೀರಾ ಮುಂದೆ, ಬುಗುರಿ ಒಬ್ಬಳೇ ಮಂಡಿಯ ಮೇಲೆ ಕೂತಿದ್ದಳು. ಏನಾಗಬಾರದೆಂದು ಅಂದು ಇಡೀ ಬೀದಿಯ ಕಾಲು ಅಳಿಸಿದ್ದನೋ ಅದೇ ಈಗ ಅವನ ಕೈಯಿಂದಲೇ ಆಗಿತ್ತು. ಅವಳ ಸುತ್ತ ಕಾಲುಗಳ ಬೇಲಿ ಎದ್ದಿತ್ತು. ಮೇಸ್ತ್ರಿಗೆ ನೋಡಲಾಗಲಿಲ್ಲ. ಅವಳ ಮೇಲೆ ಗೋಣಿಚೀಲ ಇಳಿಬಿಟ್ಟ. ಕಾಣದಿದ್ದರೆ ಇನ್ನೂ ಹಿಂಸೆ, ಮತ್ತೆ ತೆಗೆದ. ಬಟ್ಟಲಲ್ಲಿ ಟರ್ಪೆಂಟೈನ್ ಸಿದ್ಧವಿತ್ತು, ಅಲಗು ಕೈಯಲ್ಲಿತ್ತು. ಮುಖದ ಹತ್ತಿರ ಕೈ ಒಯ್ದ, ವಾಪಸು ತಂದ. ಬೇರೆ ಯಾವನೋ ಬಂದು ಕೆರೆಯುವುದಕ್ಕಿಂತ ನಾನೇ ಕೆರೆಯುವುದು ಮೇಲು ಎಂದು ತನಗೆ ತಾನೇ ಹೇಳಿಕೊಂಡ. ಕೊನೆಗೆ ಅವಳೆದುರು ಹಲಗೆಯ ಮೇಲೆ ಕುಸಿದು ಕೂತು, ತಲೆಗೆ ಕೈ ಹೊತ್ತು, ದೊಡ್ಡ ದನಿಯಲ್ಲಿ ಅಳತೊಡಗಿದ. ಹಜಾರ ಖಾಲಿಯಿದ್ದದ್ದರಿಂದ ಅವನ ಅಳು ಅವನಿಗೇ ಎರಡೆರಡು ಸಲ ಕೇಳಿಸಿತು.

ಮಧ್ಯಾಹ್ನ ಊಟಕ್ಕೆ ಬರಲಿಲ್ಲವೆಂದು ಬುತ್ತಿ ಹಿಡಿದುಕೊಂಡು ಬಂದ ಹೆಂಡತಿಗೂ ಕೇಳಿಸಿತು. ಅಷ್ಟು ವರ್ಷಗಳ ಮೇಲೆ ಅವಳು ಆ ಬಾಗಿಲು ದಾಟಿ ಒಳಗೆ ಬಂದಳು. ಬುತ್ತಿಯನ್ನು ನೆಲದ ಮೇಲಿಟ್ಟು ಗೋಡೆಯ ಕಡೆ ನೋಡಿದಳು. ಸುತ್ತಲಿನ ಎಲ್ಲರೂ ನಿಂತು, ತನ್ನ ಮಗಳೊಬ್ಬಳೇ ಕೂತಿರುವುದನ್ನು ನೋಡಿದಳು. ಅವಳ ಮುಖ ಬಿಗಿಯಿತು.

"ಇವಳೊಬ್ಬಳನ್ನ ಯಾಕೆ ಬಿಟ್ರಿ?" ಎಂದಳು.

ಮೇಸ್ತ್ರಿಗೆ ಇನ್ನು ತಡೆಯಲಾಗಲಿಲ್ಲ. ಹೇಳಿಬಿಟ್ಟ. ಇದ್ದಿಲಿನ ಚಿತ್ರ, ಮಗಳ ಹೆದರಿಕೆ, ಎಲ್ಲರನ್ನೂ ಕೂರಿಸು ಎಂದದ್ದು, ಅಮ್ಮನಿಗೂ ಹೇಳಬೇಡ ಎಂದದ್ದು, ತುಟಿಯ ಮೇಲಿನ ಬೆರಳು. ಹಿಂದುಮುಂದಾಗಿ, ಮೂಗು ಒರೆಸಿಕೊಳ್ಳುತ್ತ, ಒಂದನ್ನೂ ಬಿಡದೆ ಹೇಳಿದ. ಕಪ್ತಾನನ ಕಾಲಿಗೆ ಬೀಳಿಸಬೇಕೆಂದು ಕೂರಿಸಲಿಲ್ಲ ಕಣೇ, ಅವಳಿಗೆ ಜೊತೆಯಾಗಲಿ ಅಂತ ಕೂರಿಸಿದೆ ಎಂದ. ಈಗ ಎಬ್ಬಿಸಬೇಕೆಂದರೆ ಈ ಮುಖ ಹೋಗುತ್ತದೆ, ಇನ್ನೊಂದು ಬರೆಯಲು ನನ್ನ ಕೈಲಿ ಆಗುವುದಿಲ್ಲ ಎಂದ. ಆದೀತು ಅಂದರೂ ಏನು ಬರೆಯಲಿ, ಅವಳು ನಿಂತರೆ ಹೇಗಿರುತ್ತಾಳೆ ಎಂದು ನಾನು ಕಂಡೇ ಇಲ್ಲವಲ್ಲ ಎಂದು ಬಿಕ್ಕಿದ.

ಹೆಂಡತಿ ಹಲಗೆಯ ಮೇಲೆ ಅವನ ಪಕ್ಕ ಕೂತಳು. ಗಂಡನ ಮೇಲೆ ಅಷ್ಟು ವರ್ಷ ಇಟ್ಟುಕೊಂಡು ಬಂದ ಸಿಟ್ಟನ್ನು ಒಮ್ಮೆಲೇ ಎಲ್ಲಿ ಇಳಿಸುವುದೆಂದು ಅವಳಿಗೆ ತಿಳಿದಂತೆ ಕಾಣಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಅವಳು ನಿಂತಿದ್ಲು ರೀ," ಎಂದಳು ಕೊನೆಗೆ. "ನಾನು ನೋಡಿದ್ದೀನಿ."

ಮೇಸ್ತ್ರಿ ಅವಳ ಕಡೆ ತಿರುಗಿದ, ಅವಳು ಹೇಳತೊಡಗಿದಳು.

ಅವನು ಬೆಳಕು ಹರಿಯುವ ಮೊದಲೇ ಕೆಲಸಕ್ಕೆ ಹೊರಡುತ್ತಿದ್ದ ಕಾಲ ಅದು. ಅವನು ಅತ್ತ ಹೋದ ಮೇಲೆ ಇವಳು ಇತ್ತ ಮಗಳನ್ನು ಎತ್ತಿಕೊಂಡು ಕಡಲಿಗೆ ಹೋಗುತ್ತಿದ್ದಳು. ಉಪ್ಪುನೀರು ಕಾಲಿಗೆ ಒಳ್ಳೆಯದೆಂದು ಯಾರೋ ಹೇಳಿದ್ದರು. ಎದೆಯುದ್ದದ ನೀರಿಗೆ ಇಳಿಸಿ, ಹಿಂದಿನಿಂದ ಕಂಕುಳಿಗೆ ಕೈಕೊಟ್ಟು ಹಿಡಿದರೆ, ಬುಗುರಿ ಮರಳಿಗೆ ಪಾದ ಊರುತ್ತಿದ್ದಳು. ಮೊದಮೊದಲು ಒಂದು ಗಳಿಗೆ, ಆಮೇಲೆ ಅಲೆ ಬಂದು ಹೋಗುವಷ್ಟು ಹೊತ್ತು. ನೀರು ಅವಳ ಭಾರ ಹೊರುತ್ತಿತ್ತು, ಉಳಿದದ್ದನ್ನು ತಾಯಿ ಹೊರುತ್ತಿದ್ದಳು. ನಿಂತಿದ್ದೀನಿ, ನಿಂತಿದ್ದೀನಿ ಎಂದು ಕಡಲಿಗೇ ಕೇಳುವಂತೆ ಕೂಗುತ್ತಿದ್ದಳಂತೆ.

"ಯಾಕೆ ನಂಗೆ ಹೇಳಲಿಲ್ಲ?" ಎಂದ ಅವನು.

"ನೆಲದ ಮೇಲೆ ನಿಂತ ದಿನ ಅಪ್ಪಂಗೆ ತೋರಿಸ್ತೀನಿ, ಅಲ್ಲೀವರೆಗೆ ಹೇಳಬೇಡ ಅಂದಿದ್ಲು. ಆಣೆ ಹಾಕಿಸ್ಕೊಂಡಿದ್ಲು." ಹೆಂಡತಿ ಗೋಡೆಯನ್ನೇ ನೋಡುತ್ತಿದ್ದಳು. "ಆ ದಿನ ಬರಲೇ ಇಲ್ಲ. ಆಮೇಲೆ ಹೇಳಿ ಏನು ಮಾಡೋದು?"

ಒಂದೇ ಮನೆಯಲ್ಲಿ, ಒಂದೇ ಮಗುವಿನ ಎರಡು ಗುಟ್ಟುಗಳನ್ನು ಇಬ್ಬರೂ ಎದೆಯಲ್ಲಿಟ್ಟುಕೊಂಡು ಮುದುಕರಾಗಿದ್ದರು. ಒಬ್ಬರು ಬಾಯಿಬಿಟ್ಟಿದ್ದರೂ ಸಾಕಿತ್ತು. ಅಂದೇ ಗೊತ್ತಿದ್ದರೆ ಒಂದು ಊರನ್ನು ಮಂಡಿಯೂರಿಸುವ ಬದಲು ಒಂದಿಷ್ಟು ನೀರು ಬರೆದಿದ್ದರೆ ಮುಗಿಯುತ್ತಿತ್ತಲ್ಲ ಎಂದು ಮೇಸ್ತ್ರಿಗೆ ಹೊಳೆಯಿತು. ಹೊಳೆದದ್ದೇ ಅವನು ಎದ್ದು ನಿಂತ.

ಮುಖವನ್ನು ಎತ್ತಬೇಕಾಗಿಲ್ಲ. ಅದು ಇದ್ದಲ್ಲೇ ಇರಲಿ. ಅವಳ ಕೆಳಗಿನ ಮರಳನ್ನು ತೆಗೆದು ಕಡಲನ್ನೇ ಅವಳ ಹತ್ತಿರಕ್ಕೆ ತಂದರಾಯಿತು, ಎದೆಯುದ್ದದ ನೀರಿನಲ್ಲಿ ಇರುವವಳು ನಿಂತವಳೇ. ಮಡಿಸಿದ ಕಾಲುಗಳನ್ನು ಮಾತ್ರ ಕೆರೆದ, ಅಂಗಿಯ ಕೆಳಗಿನ ಅರ್ಧವನ್ನು ಕೆರೆದ. ಎಡಗಡೆಯಿಂದ ಅಲೆಯೊಂದನ್ನು ಎಳೆದು ತಂದು ಅವಳ ಎದೆಯ ಮಟ್ಟಕ್ಕೆ ಏರಿಸಿದ. ನೀರಿಗೆ ನಡುಗುವ ಕೈ ಅಡ್ಡಿಯಾಗಲಿಲ್ಲ. ಹಸಿರು ನೀಲಿ ಬಿಳಿ ಹೇಗೆ ಬಿದ್ದರೂ ನೀರೇ ಆಯಿತು. ಹೆಂಡತಿ ಹಿಂದೆ ನಿಂತು, ಇನ್ನೂ ಸ್ವಲ್ಪ ಮೇಲೆ, ಇಷ್ಟು ಅಲ್ಲ, ಕಂಕುಳಿನವರೆಗೆ ಬರುತ್ತಿತ್ತು ಎಂದು ಹೇಳಿಕೊಟ್ಟಳು.

"ಕೈ ಹೇಗೆ ಕೊಡ್ತಿದ್ದೆ? ತೋರಿಸು," ಎಂದ ಅವನು.

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗೋಡೆಯ ಪಕ್ಕ ನಿಂತು, ಸ್ವಲ್ಪ ಬಾಗಿ, ಎರಡೂ ತೋಳು ಮುಂದೆ ಚಾಚಿದಳು. ಅಂಗೈ ಮೇಲಕ್ಕೆ, ಬೆರಳು ಬಿಡಿಸಿ, ಒಂದು ಮಗುವಿನ ಮೈ ಹಿಡಿಯುವಷ್ಟು ಸಂದು ಬಿಟ್ಟು. ಮೇಸ್ತ್ರಿ ಅದನ್ನು ನೋಡಿ ನೋಡಿ ಬರೆದ. ನರ ಎದ್ದ, ಚರ್ಮ ಸಡಿಲಾದ ಮುದಿ ಕೈಗಳನ್ನೇ, ಈಗ ಹೇಗಿದ್ದವೋ ಹಾಗೆಯೇ ಬರೆದ. ಬುಗುರಿಯ ಎರಡೂ ಪಕ್ಕದಿಂದ ಅವು ನೀರೊಳಗಿಂದ ಬಂದು ಅವಳನ್ನು ಹಿಡಿದುಕೊಂಡವು.

ಬೆಳಕು ಇಳಿಯುವ ಮೊದಲು ಟೀಚರ್ ಕೆಲಸ ಎಲ್ಲಿಗೆ ಬಂತೆಂದು ನೋಡಲು ಬಂದರು. ಗಂಡ ಹಲಗೆಯ ಮೇಲೆ ಕುಂಚ ಹಿಡಿದು ಕೂತಿದ್ದಾನೆ, ಹೆಂಡತಿ ಬರಿಯ ಗಾಳಿಯನ್ನು ಹಿಡಿದು ನಿಂತಿದ್ದಾಳೆ. ಅವರು ಬಾಗಿಲ ಹತ್ತಿರವೇ ನಿಂತರು. ಕಪ್ತಾನನಿಂದ ಹಿಡಿದು ಕೊನೆಯ ಸಾಲಿನವರೆಗೆ ಗೋಡೆಯನ್ನು ನಿಧಾನವಾಗಿ ನೋಡಿ, ನೀರಿನಲ್ಲಿದ್ದ ಹುಡುಗಿಯ ಹತ್ತಿರ ಕಣ್ಣು ನಿಲ್ಲಿಸಿದರು.

"ಈ ಮಗು ನಿಂತಿದ್ದಾಳೆ ತಾನೆ ಮೇಸ್ತ್ರಿಗಳೇ?"

"ನಿಂತಿದ್ದಾಳೆ," ಎಂದ ಮೇಸ್ತ್ರಿ.

ಟೀಚರ್ ತಲೆಯಾಡಿಸಿದರು. ಆ ಮುದುಕಿಯ ತೋಳುಗಳನ್ನೂ ಒಮ್ಮೆ ನೋಡಿದರು. ನಾಳೆ ಬೆಳಿಗ್ಗೆ ಬಾಗಿಲು ತೆಗೆಸುತ್ತೇನೆ ಎಂದು ಹೇಳಿ ಹೊರಟುಹೋದರು.

ಮೇಸ್ತ್ರಿ ಕೊನೆಯ ಬೆರಳಿನ ಉಗುರು ಮುಗಿಸಿ ಕುಂಚ ಕೆಳಗಿಟ್ಟ. ಹೆಂಡತಿಯ ತೋಳು ಭುಜದಿಂದ ಬೆರಳಿನವರೆಗೆ ಥರಥರ ನಡುಗುತ್ತಿತ್ತು. ಆಯಿತು ಕಣೇ, ಬರೆದಾಯಿತು, ಕೈ ಇಳಿಸು ಎಂದ. ಅವಳು ಇಳಿಸಲಿಲ್ಲ. ಅವಳ ಕಣ್ಣು ಗೋಡೆಯ ಮೇಲಿನ ಮುಖದಲ್ಲಿ ನೆಟ್ಟಿತ್ತು.

"ತಡೀರಿ," ಎಂದಳು. "ಬಿಟ್ರೆ ಬೀಳ್ತಾಳೆ."

ಅವನು ಹಲಗೆಯಿಂದ ಇಳಿದು ಬಂದು ಅವಳ ಮೊಣಕೈಗಳ ಕೆಳಗೆ ತನ್ನ ಕೈ ಕೊಟ್ಟು ನಿಂತ.